ಮಕ್ಕಳಿಗೆ ಯಂತ್ರದ ಒಳಗುಟ್ಟು ಹೇಳಿದ ಕಾರಂತರು



ಕೋಟ ಶಿವರಾಮ ಕಾರಂತರ ಹೆಸರು ನಮಗೆಲ್ಲ ಗೊತ್ತು. ‘ಚೋಮನ ದುಡಿ’ ಬರೆದವರು, ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಪಡೆದವರು, ಯಕ್ಷಗಾನಕ್ಕೆ ಹೊಸ ಜೀವ ತುಂಬಿದವರು ಎಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ನಮ್ಮ ಮರಳಿ ಊರಿನ ಗೆಳೆಯರಿಗಂತೂ ‘ಮರಳಿ ಮಣ್ಣಿಗೆ’ ಕಾದಂಬರಿಯ ಹೆಸರು ಕೇಳಿದರೆ ತಮ್ಮೂರಿನ ಕಥೆಯೇನೋ ಎನಿಸಬಹುದು. ಅದು ಕರಾವಳಿಯ ಒಂದು ಮನೆತನದ ಮೂರು ತಲೆಮಾರಿನ ಕಥೆ. ಇದೇ ಕಾರಂತರು ಆಯುಷ್ಯದ ಹಲವು ವರ್ಷಗಳನ್ನು ಮಕ್ಕಳಿಗೆ ಜಗತ್ತು ಹೇಗೆ ನಡೆಯುತ್ತದೆ, ಯಂತ್ರ ಹೇಗೆ ತಿರುಗುತ್ತದೆ ಎಂದು ಕನ್ನಡದಲ್ಲಿ ತಿಳಿಸಲು ಕೊಟ್ಟರು ಎಂಬುದು ಮಾತ್ರ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಈ ಲೇಖನದಲ್ಲಿ ಆ ಕಾರಂತರನ್ನು ಪರಿಚಯ ಮಾಡಿಕೊಳ್ಳೋಣ.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಓದಲು ಮಂಗಳೂರಿನ ಕಾಲೇಜು ಸೇರಿದರು. ಆಗ ದೇಶದಲ್ಲಿ ಗಾಂಧೀಜಿಯವರ ಅಸಹಕಾರ ಚಳವಳಿಯ ಬಿಸಿ. ಇನ್ನೂ ಇಪ್ಪತ್ತರ ಹರೆಯದ ಹುಡುಗ ಕಾಲೇಜು ಬಿಟ್ಟು ಚಳವಳಿಗೆ ಧುಮುಕಿದ. ಹೀಗಾಗಿ ಪದವಿ ಎಂಬುದು ಅವರ ಕೈ ಸೇರಲಿಲ್ಲ. ಮುಂದೆ ಹಲವು ವಿಶ್ವವಿದ್ಯಾಲಯಗಳು ಗೌರವ ಡಾಕ್ಟರೇಟ್ ಕೊಟ್ಟವು, ಅದು ಬೇರೆ ಮಾತು. ತರಗತಿಯಲ್ಲಿ ಕುಳಿತು ವಿಜ್ಞಾನ ಪದವಿ ಓದದವರೊಬ್ಬರು ಕನ್ನಡದ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟರು ಎಂಬುದನ್ನು ಇಲ್ಲಿ ಗಮನಿಸಬೇಕು.

ಚಳವಳಿಯ ದಿನಗಳ ನಂತರ ಅವರು ಪುತ್ತೂರಿನಲ್ಲಿ ನೆಲೆ ನಿಂತರು. ಅಲ್ಲಿ ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಒಡನಾಟ ದೊರೆಯಿತು. ಗುಡ್ಡದ ಮೇಲೆ ‘ಬಾಲವನ’ ಎಂಬ ಜಾಗ ಕಟ್ಟಿ, ಮಕ್ಕಳನ್ನು ಸೇರಿಸಿ, ಆಟ, ಕುಣಿತ, ನಾಟಕ, ಕಥೆಗಳ ಮೂಲಕ ಕಲಿಸುವ ಪ್ರಯೋಗ ಮಾಡಿದರು. ಬಾಯಿಪಾಠದ ಶಿಕ್ಷಣ ಅವರಿಗೆ ಹಿಡಿಸುತ್ತಿರಲಿಲ್ಲ. ಮಗು ಕಣ್ಣಾರೆ ಕಂಡು, ಕೈಯಾರೆ ಮಾಡಿ ಕಲಿಯಬೇಕು ಎಂಬುದು ಅವರ ನಂಬಿಕೆ.

ಅವರೂ ಹಾಗೆಯೇ ಕಲಿತವರು. 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಎರಡು ಮೂಕಿ ಚಿತ್ರಗಳನ್ನು ತೆಗೆದರು. ಆ ಕಾಲದ ಕ್ಯಾಮೆರಾಗಳನ್ನು ಸಾಮಾನ್ಯವಾಗಿ ಕೈಯಿಂದ ಹಿಡಿಕೆ ತಿರುಗಿಸಿಯೇ ನಡೆಸುತ್ತಿದ್ದರು. ಸೆಕೆಂಡಿಗೆ ಸುಮಾರು 16 ಬಿಡಿ ಚಿತ್ರಗಳು ಸುರುಳಿಯ ಮೇಲೆ ಮೂಡುತ್ತವೆ. ತೆರೆಯ ಮೇಲೆ ಅವು ಒಂದರ ಹಿಂದೊಂದು ಓಡಿದಾಗ ನಿಂತ ಚಿತ್ರಗಳು ನಡೆಯುವಂತೆ ನಮ್ಮ ಕಣ್ಣಿಗೆ ತೋರುತ್ತವೆ. ಅಂಥ ಯಂತ್ರದೊಡನೆ ಕೆಲಸ ಮಾಡಿದವರಿಗೆ ಸಿನಿಮಾ ಒಂದು ಮಾಯೆಯಾಗಿ ಉಳಿಯುವುದಿಲ್ಲ.

ಇನ್ನು ಆ ಕಾಲದ ಕನ್ನಡದ ಸ್ಥಿತಿ ನೋಡಿ. ಇಂಗ್ಲೆಂಡಿನಲ್ಲಿ ಆರ್ಥರ್ ಮೀ ಎಂಬವರ ಮಕ್ಕಳ ವಿಶ್ವಕೋಶ 1908ರಿಂದಲೇ ಬಿಡಿ ಸಂಚಿಕೆಗಳಾಗಿ ಬರಲಾರಂಭಿಸಿತ್ತು. ರೈಲು, ಹಡಗು, ದೀಪ, ಗಡಿಯಾರ ಎಲ್ಲವೂ ಚಿತ್ರಸಹಿತ ಅಲ್ಲಿನ ಮಕ್ಕಳ ಕೈಗೆ ಸಿಗುತ್ತಿದ್ದವು. ಕನ್ನಡದಲ್ಲಿ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಬೆಂಗಳೂರಿನಿಂದ ‘ವಿಜ್ಞಾನ’ ಎಂಬ ಮಾಸಪತ್ರಿಕೆ ತಂದರು. ಅದು ಎರಡು ವರ್ಷ ನಡೆದು ನಿಂತಿತು. ಕನ್ನಡಿಗರು ಮೈಸೂರು, ಮದ್ರಾಸು, ಮುಂಬಯಿ, ಹೈದರಾಬಾದು, ಕೊಡಗು ಎಂದು ಹಂಚಿಹೋಗಿದ್ದ ಕಾಲ ಅದು.

ಆಗ ನಮ್ಮ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು. ಹೈದರಾಬಾದಿನಲ್ಲಿ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಒಂದು ದೊಡ್ಡ ಸಾಹಸಕ್ಕೆ ಕೈ ಹಾಕಿತು. ಭೌತವಿಜ್ಞಾನ, ರಸಾಯನವಿಜ್ಞಾನ, ವೈದ್ಯಕೀಯ, ಎಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಿತು. ಅದಕ್ಕೆ ಬೇಕಾದ ಪುಸ್ತಕಗಳನ್ನು ಸಿದ್ಧಪಡಿಸಲು ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯೇ ಇತ್ತು. ಆಧುನಿಕ ವಿಜ್ಞಾನ ಇಂಗ್ಲಿಷಿನಲ್ಲಿ ಮಾತ್ರ ಸಾಧ್ಯ ಎಂಬ ಮಾತನ್ನು ಆ ಸಂಸ್ಥೆ ಸುಳ್ಳು ಮಾಡಿ ತೋರಿಸಿತು. ಆದರೆ ಅದರ ಹಿಂದೆ ಸರ್ಕಾರದ ಬೊಕ್ಕಸವಿತ್ತು, ವಿದ್ವಾಂಸರ ದಂಡೇ ಇತ್ತು. ಕನ್ನಡದ ಮಕ್ಕಳಿಗಾಗಿ ಅಂಥದೊಂದು ಕೆಲಸಕ್ಕೆ ಪುತ್ತೂರಿನಲ್ಲಿ ಕುಳಿತ ಒಬ್ಬ ಮನುಷ್ಯ ಒಂಟಿಯಾಗಿ ಕೈ ಹಾಕಿದರು.

ಅದರ ಫಲವೇ 1936ರಲ್ಲಿ ಬಂದ ‘ಬಾಲ ಪ್ರಪಂಚ’. ಮೂರು ದೊಡ್ಡ ಸಂಪುಟಗಳು. ಕಾರಂತರಿಗೆ ಆಗ ಮೂವತ್ತನಾಲ್ಕು ವರ್ಷ. ಲೀಲಾ ಅವರನ್ನು ಜಾತಿಯ ಕಟ್ಟು ಮೀರಿ ಮದುವೆಯಾದದ್ದೂ ಅದೇ ವರ್ಷ. ಜಗತ್ತಿನ ನಾನಾ ವಿಷಯಗಳನ್ನು ಕನ್ನಡದ ಮಗುವಿನ ಮುಂದೆ ಒಟ್ಟಿಗೆ ಹರಡಿದ ಪುಸ್ತಕ ಅದು. ಇಂಥ ಕೆಲಸವನ್ನು ಬೇರೆ ಭಾಷೆಗಳಲ್ಲಿ ಸಂಪಾದಕ ಮಂಡಳಿಗಳು ಮಾಡುತ್ತವೆ. ಇಲ್ಲಿ ಓದಿದವರು, ಬರೆದವರು, ಹೊಂದಿಸಿದವರು ಒಬ್ಬರೇ.

ಯಂತ್ರವನ್ನು ಮಗುವಿಗೆ ವಿವರಿಸುವುದು ಸುಲಭವಲ್ಲ. ನಮ್ಮ ಊರಿನದೇ ಒಂದು ಉದಾಹರಣೆ ನೋಡಿ. ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳನ್ನು ನಾವೆಲ್ಲ ನೋಡಿದ್ದೇವೆ. ಭತ್ತ ಒಳಗೆ ಹೋಗುತ್ತದೆ, ಅಕ್ಕಿ ಹೊರಗೆ ಬರುತ್ತದೆ. ಹೊಟ್ಟು ಬಿಡಿಸುವ ಯಂತ್ರದಲ್ಲಿ ಎರಡು ರಬ್ಬರ್ ರೋಲರ್‌ಗಳು ಎದುರುಬದುರಾಗಿ ತಿರುಗುತ್ತವೆ. ಒಂದು ಜೋರಾಗಿ, ಇನ್ನೊಂದು ತುಸು ನಿಧಾನವಾಗಿ. ಕಾಳು ಆ ಸಂದಿಯಲ್ಲಿ ಸಿಕ್ಕಾಗ ಒಂದು ಮಗ್ಗುಲು ಮುಂದಕ್ಕೆ ಎಳೆಯುತ್ತದೆ, ಇನ್ನೊಂದು ಮಗ್ಗುಲು ಹಿಂದೆ ಉಳಿಯುತ್ತದೆ. ಆ ಉಜ್ಜಾಟದಲ್ಲಿ ಸಿಪ್ಪೆ ಬಿಚ್ಚುತ್ತದೆ. ನೆನೆಸಿದ ಕಡಲೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ಸಿಪ್ಪೆ ತೆಗೆದಂತೆಯೇ ಇದೂ. ಹೀಗೆ ಹೇಳಿದರೆ ಐದನೆಯ ತರಗತಿಯ ಮಗುವಿಗೂ ತಿಳಿಯುತ್ತದೆ. ಎರಡು ರೋಲರ್‌ಗಳ ವೇಗದಲ್ಲಿ ವ್ಯತ್ಯಾಸ ಏಕೆ ಬೇಕು ಎಂಬುದು ಹೇಳುವವನಿಗೆ ತಿಳಿಯದಿದ್ದರೆ ಮಾತ್ರ ಹೇಳಲು ಬರುವುದಿಲ್ಲ. ಮಕ್ಕಳಿಗಾಗಿ ಬರೆಯುವವನು ದೊಡ್ಡ ಪದಗಳ ಹಿಂದೆ ಅಡಗಿಕೊಳ್ಳುವಂತಿಲ್ಲ.

ಚಿತ್ರವೂ ಬೇಕು. ಇದು ಹಳೆಯ ವಿದ್ಯೆ. ಅಲ್ ಜಝರಿ ಎಂಬ ಕುಶಲಿ ಎಂಜಿನಿಯರ್ ಇಂದಿನ ಟರ್ಕಿಯ ದಿಯಾರ್‌ಬಕಿರ್‌ನಲ್ಲಿ 1206ರಲ್ಲಿ ಮುಗಿಸಿದ ಅರಬ್ಬಿ ಗ್ರಂಥದಲ್ಲಿ ನೀರಿನ ಗಡಿಯಾರ, ನೀರೆತ್ತುವ ಯಂತ್ರ ಮೊದಲಾದ 50 ಸಾಧನಗಳ ವರ್ಣನೆಯಿದೆ. ಚಿತ್ರದ ಭಾಗಗಳಿಗೆ ಅಕ್ಷರಗಳ ಗುರುತು ಹಾಕಿ, ಇನ್ನೊಬ್ಬ ಕುಶಲಕರ್ಮಿ ನೋಡಿ ಮಾಡುವಂತೆ ಅವರು ವಿವರಿಸಿದರು. ಅವರು ಕಸುಬುದಾರರಿಗೆ ಬರೆದರು, ಕಾರಂತರು ಮಕ್ಕಳಿಗೆ ಬರೆದರು. ಗುಟ್ಟನ್ನು ಬಚ್ಚಿಡದೆ ಹಂಚಬೇಕು ಎಂಬ ಮನಸ್ಸು ಇಬ್ಬರದೂ ಒಂದೇ.

ಮುಂದೆ ಕಾರಂತರು ಪುತ್ತೂರಿನಲ್ಲಿ ತಮ್ಮದೇ ಮುದ್ರಣಾಲಯ ಇಟ್ಟುಕೊಂಡರು. ಅಂದಿನ ಮುದ್ರಣಾಲಯ ಇಂದಿನ ಜೆರಾಕ್ಸ್ ಅಂಗಡಿಯಂತಲ್ಲ. ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಆರಿಸಿ ಸಾಲು ಜೋಡಿಸಬೇಕು. ಮೊಳೆಯಲ್ಲಿ ಅಕ್ಷರ ಉಲ್ಟಾ ಇದ್ದರೆ ಮಾತ್ರ ಕಾಗದದಲ್ಲಿ ಸರಿಯಾಗಿ ಮೂಡುತ್ತದೆ. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಬೇಕಾದ್ದರಿಂದ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಮೊಳೆಗಳು ಬೇಕು. ಚಿತ್ರಕ್ಕೆ ಬೇರೆ ಬ್ಲಾಕ್ ಮಾಡಿಸಬೇಕು. ಇಷ್ಟು ಶ್ರಮದಿಂದ ಅಚ್ಚಾದ ಪುಸ್ತಕ ಮಾರಾಟವಾಗದಿದ್ದರೆ ನಷ್ಟ ಮಾಲೀಕರದೇ. ಬರವಣಿಗೆಯನ್ನೇ ನಂಬಿ ಬದುಕಿದ ಕಾರಂತರಿಗೆ ಹಣದ ಮುಗ್ಗಟ್ಟು ಹೊಸದಾಗಿರಲಿಲ್ಲ. ಆದರೂ ಮಕ್ಕಳ ಪುಸ್ತಕಗಳ ಕೆಲಸ ಬಿಡಲಿಲ್ಲ.

‘ಬಾಲ ಪ್ರಪಂಚ’ ಬಂದು ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಜಗತ್ತೇ ಬದಲಾಗಿತ್ತು. ಪರಮಾಣು ಬಾಂಬು ಬಿದ್ದಿತ್ತು. 1957ರಲ್ಲಿ ಸ್ಪುಟ್ನಿಕ್ ಆಕಾಶಕ್ಕೇರಿತ್ತು. ನಮ್ಮ ಭಾಗದಲ್ಲೂ 1953ರ ಹೊತ್ತಿಗೆ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ, ಕಾಲುವೆಯ ನೀರು ಹೊಲಗಳತ್ತ ಹರಿಯತೊಡಗಿತು. ಹಳೆಯ ಪುಸ್ತಕ ಇನ್ನು ಸಾಲದು ಎಂದು ಕಾರಂತರು ಮತ್ತೆ ಕುಳಿತರು. 1959ರಿಂದ 1964ರ ನಡುವೆ ‘ವಿಜ್ಞಾನ ಪ್ರಪಂಚ’ ನಾಲ್ಕು ಸಂಪುಟಗಳಲ್ಲಿ ಹೊರಬಂತು. ಶುರುಮಾಡಿದಾಗ ಅವರಿಗೆ ಐವತ್ತು ದಾಟಿತ್ತು. ಹೊಸ ಸಂಗತಿಗಳನ್ನು ತಾವೇ ಓದಿ ಅರ್ಥಮಾಡಿಕೊಂಡು, ಬೆಳೆದ ಮಕ್ಕಳಿಗೆ ಮತ್ತು ದೊಡ್ಡವರಿಗೆ ತಿಳಿಯುವಂತೆ ಬರೆದರು.

ಈ ಪುಸ್ತಕಗಳಿಗೆ ಮಿತಿಯೂ ಇದೆ. ಒಬ್ಬರೇ ಎಲ್ಲ ವಿಷಯ ಬರೆದಾಗ ಎಲ್ಲದರಲ್ಲೂ ತಜ್ಞರಾಗಿರಲು ಸಾಧ್ಯವಿಲ್ಲ. ವಿಜ್ಞಾನ ಓಡುವ ವೇಗಕ್ಕೆ ಪುಸ್ತಕ ಬೇಗ ಹಳತಾಗುತ್ತದೆ. ಟ್ರಾನ್ಸಿಸ್ಟರ್, ಕಂಪ್ಯೂಟರ್, ಮೊಬೈಲ್ ಬಗ್ಗೆ ತಿಳಿಯಬೇಕಾದವರು ಅವುಗಳನ್ನೇ ನೆಚ್ಚಿಕೊಂಡರೆ ಆಗದು. ದೇವರು, ಧರ್ಮದ ವಿಷಯದಲ್ಲಿ ಕಾರಂತರ ಅಭಿಪ್ರಾಯಗಳೂ ನಮ್ಮಲ್ಲಿ ಅನೇಕರಿಗೆ ಒಪ್ಪಿಗೆಯಾಗಲಾರವು. ಆದರೆ ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದು ಎಂದವರು ತಮ್ಮ ಮಾತನ್ನೂ ಕಣ್ಣುಮುಚ್ಚಿ ಒಪ್ಪಿ ಎಂದು ಕೇಳಲಿಲ್ಲ.

ಯಂತ್ರ ತಿಳಿದವರು ಯಂತ್ರವನ್ನು ಹೊಗಳುತ್ತಲೇ ಇರಬೇಕೆಂದೇನೂ ಇಲ್ಲ. 1980ರ ದಶಕದಲ್ಲಿ ಉತ್ತರ ಕನ್ನಡದ ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ ಕಟ್ಟಲು ಸರ್ಕಾರ ಮುಂದಾಯಿತು. ಅಣು ಸ್ಥಾವರ ಎಂದರೂ ಮೂಲದಲ್ಲಿ ಅದು ನೀರು ಕಾಯಿಸುವ ಒಲೆಯೇ. ಯುರೇನಿಯಂ ಪರಮಾಣು ಒಡೆದಾಗ ಬರುವ ಶಾಖದಿಂದ ನೀರು ಆವಿಯಾಗುತ್ತದೆ, ಆವಿ ಟರ್ಬೈನ್ ತಿರುಗಿಸುತ್ತದೆ, ಟರ್ಬೈನ್ ವಿದ್ಯುತ್ ಹುಟ್ಟಿಸುತ್ತದೆ. ಆದರೆ ಈ ಒಲೆಯ ಬೂದಿ ಸಾವಿರಾರು ವರ್ಷ ವಿಕಿರಣ ಸೂಸುತ್ತದೆ. ಅದನ್ನು ಎಲ್ಲಿಡುವುದು, ಅಪಘಾತವಾದರೆ ಕಾಳಿ ಕಣಿವೆಯ ಕಾಡು ಮತ್ತು ಜನರ ಗತಿಯೇನು ಎಂಬ ಪ್ರಶ್ನೆಗಳು ಎದ್ದವು. ಕಾರಂತರು ಊರೂರು ತಿರುಗಿ ಜನರೊಡನೆ ಆ ಪ್ರಶ್ನೆಗಳನ್ನು ಎತ್ತಿದರು. 1989ರ ಲೋಕಸಭಾ ಚುನಾವಣೆಯಲ್ಲಿ, 87ನೆಯ ವಯಸ್ಸಿನಲ್ಲಿ, ಇದೇ ವಿಷಯವಿಟ್ಟು ಉತ್ತರ ಕನ್ನಡದಿಂದ ಸ್ಪರ್ಧಿಸಿದರು. ಸೋತರು. 1994ರಲ್ಲಿ ಕಟ್ಟುತ್ತಿದ್ದ ಸ್ಥಾವರದ ಗುಮ್ಮಟದ ಒಳಭಾಗದ ಕಾಂಕ್ರೀಟ್ ಕುಸಿದು ಬಿದ್ದಾಗ ಅವರ ಆತಂಕ ಹಲವರಿಗೆ ನೆನಪಾಯಿತು. ಆಮೇಲೆ ಸ್ಥಾವರ ಪೂರ್ಣಗೊಂಡು 2000ದಲ್ಲಿ ವಾಣಿಜ್ಯ ಮಟ್ಟದಲ್ಲಿ ವಿದ್ಯುತ್ ಕೊಡತೊಡಗಿತು. ಅದರ ಒಂದು ಘಟಕ 2018ರಲ್ಲಿ 962 ದಿನ ಸತತವಾಗಿ ನಡೆದು ವಿಶ್ವದಾಖಲೆ ಮಾಡಿದ್ದೂ ನಿಜ. ಯಾರು ಸರಿ ಎಂಬ ಚರ್ಚೆ ನಮ್ಮ ವಿಜ್ಞಾನ ವಿಭಾಗದಲ್ಲಿ ನಡೆಯಲಿ. ಆದರೆ ಒಳಗೆ ಏನು ನಡೆಯುತ್ತದೆ ಎಂದು ತಿಳಿದಿದ್ದರಿಂದಲೇ ಒಬ್ಬ ಸಾಹಿತಿ ವಿಜ್ಞಾನಿಗಳ ಮುಂದೆ ನಿಂತು ಪ್ರಶ್ನೆ ಕೇಳಬಲ್ಲವರಾದರು.

ಅಧಿಕಾರದ ಮುಂದೆಯೂ ಅವರು ಹಾಗೆಯೇ ನಿಂತವರು. ತಮಗೆ ಬಂದಿದ್ದ ಪದ್ಮಭೂಷಣವನ್ನು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಹಿಂದಿರುಗಿಸಿದರು. ಕೊನೆಯ ದಶಕಗಳನ್ನು ಕೋಟದ ಪಕ್ಕದ ಸಾಲಿಗ್ರಾಮದಲ್ಲಿ ಕಳೆದರು. ಮುಪ್ಪಿನಲ್ಲೂ ಬರವಣಿಗೆ ನಿಲ್ಲಿಸಲಿಲ್ಲ. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ, 95 ವರ್ಷ ತುಂಬಿದ ಮೇಲೆ, ತೀರಿಕೊಂಡರು. ನಲವತ್ತಕ್ಕೂ ಹೆಚ್ಚು ಕಾದಂಬರಿಗಳ ಜೊತೆಗೆ ಮಕ್ಕಳಿಗಾಗಿ ಬರೆದ ಆ ಸಂಪುಟಗಳನ್ನೂ ಬಿಟ್ಟುಹೋದರು.

ಗೆಳೆಯರೇ, ನಮ್ಮಲ್ಲಿ ಬಹಳಷ್ಟು ಮಂದಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಬಂದು ಇಂಗ್ಲಿಷ್ ಪುಸ್ತಕದ ಮುಂದೆ ಕಕ್ಕಾಬಿಕ್ಕಿಯಾಗುತ್ತೇವೆ. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುತ್ತೇವೆ, ಅಂಕವೂ ಬರುತ್ತದೆ. ಅರ್ಥವಾಗಿದೆಯೇ ಎಂದು ಪರೀಕ್ಷಿಸಲು ಒಂದು ಸುಲಭ ದಾರಿಯಿದೆ. ಟ್ರಾನ್ಸ್‌ಫಾರ್ಮರ್ ಪಾಠ ಓದಿದ ದಿನ ಮನೆಯಲ್ಲಿ ಅಮ್ಮನಿಗೋ, ಅಬ್ಬಾಗೋ, ಪುಟ್ಟ ತಂಗಿಗೋ ಮನೆಮಾತಿನಲ್ಲಿ ಅದನ್ನು ವಿವರಿಸಿ ನೋಡಿ. ಎಲ್ಲಿ ನಾಲಿಗೆ ತಡವರಿಸುತ್ತದೆಯೋ ಅಲ್ಲಿ ನಮಗೆ ಅರ್ಥವಾಗಿಲ್ಲ ಎಂದು ಲೆಕ್ಕ. ಇಂಗ್ಲಿಷ್ ಕಲಿಯಲೇಬೇಕು, ಕಾರಂತರೂ ಅದರ ಮೂಲಕವೇ ಓದಿಕೊಂಡರು. ಆದರೆ ತಿಳಿದದ್ದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳದೆ, ಇಂಗ್ಲಿಷ್ ಬಾರದ ಮಗುವಿನ ಕೈಗೆ ದಾಟಿಸಿದರು.

ಗ್ರಂಥಾಲಯಕ್ಕೆ ಹೋದಾಗ ‘ಬಾಲ ಪ್ರಪಂಚ’ವನ್ನೋ ‘ವಿಜ್ಞಾನ ಪ್ರಪಂಚ’ವನ್ನೋ ಕೇಳಿ ನೋಡಿ. ಸಿಕ್ಕರೆ ಒಂದು ಅಧ್ಯಾಯ ಓದಿ. ಬಳಿಕ ನಿಮ್ಮ ಊರಿನ ಒಂದು ಯಂತ್ರವನ್ನು ಆರಿಸಿಕೊಂಡು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ಐದನೆಯ ತರಗತಿಯ ಮಗುವಿಗೆ ತಿಳಿಯುವಂತೆ ಒಂದು ಪುಟ ಬರೆಯಿರಿ. ರೈಸ್ ಮಿಲ್ ಇರಬಹುದು, ಕಾಲುವೆಯ ತೂಬು ಇರಬಹುದು, ಹೊಲಿಗೆ ಯಂತ್ರ ಇರಬಹುದು. ಕಾರಂತರು ಮಾಡಿದ ಕೆಲಸದ ಕಷ್ಟವೂ ಸುಖವೂ ಆಗ ನಮಗೆ ತಿಳಿಯುತ್ತದೆ.