ಎಡಗಾಲಿನ ಬರಹಗಾರ ಕ್ರಿಸ್ಟಿ ಬ್ರೌನ್

ಐರ್ಲೆಂಡ್ ದೇಶದ ಡಬ್ಲಿನ್ ನಗರದಲ್ಲಿ 1932ನೆಯ ಇಸವಿ ಜೂನ್ 5ರಂದು ಕ್ರಿಸ್ಟಿ ಬ್ರೌನ್ ಗಾರೆ ಕೆಲಸದವನೊಬ್ಬನ ಮಗನಾಗಿ ಜನಿಸಿದನು. ಬಡ ಸಂಸಾರ, ತಾಯಿ ಬ್ರಿಜೆಟ್ ಹೆತ್ತ ಮಕ್ಕಳು 22, ಉಳಿದವರು 13. ನಾಲ್ಕು ತಿಂಗಳಾದರೂ ಈ ಮಗುವಿನ ಕತ್ತು ನಿಲ್ಲಲಿಲ್ಲ. ಕೈಗಳು ಸೆಟೆದುಕೊಳ್ಳುತ್ತಿದ್ದವು, ಮಾತು ಬರಲಿಲ್ಲ. ಬುದ್ಧಿಯಿಲ್ಲದ ಮಗು, ಆಸೆ ಬಿಡಿ ಎಂದು ವೈದ್ಯರು ಹೇಳಿದರು. ತಾಯಿ ಮಾತ್ರ ಅದನ್ನು ಒಪ್ಪಲಿಲ್ಲ.

ಈ ಸ್ಥಿತಿಗೆ ಸೆರೆಬ್ರಲ್ ಪಾಲ್ಸಿ ಎಂದು ಹೆಸರು. ಬೆಳೆಯುವ ಮಿದುಳಿಗೆ ಗರ್ಭದಲ್ಲೋ ಹೆರಿಗೆಯಲ್ಲೋ ಶೈಶವದಲ್ಲೋ ತಗುಲಿದ ಪೆಟ್ಟಿನಿಂದ ಅಂಗಾಂಗಗಳು ಹತೋಟಿ ತಪ್ಪುತ್ತವೆ. ಇಂಥವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಬುದ್ಧಿಶಕ್ತಿಯೂ ಕುಂಠಿತವಾಗಿರುವುದುಂಟು, ಉಳಿದವರಿಗೆ ಹಾಗಿಲ್ಲ. ಆದರೆ ಬಾಯಿಂದ ಉತ್ತರಿಸು, ಕೈಯಿಂದ ಬರೆ ಎನ್ನುವ ಪರೀಕ್ಷೆಯಲ್ಲಿ ಇಬ್ಬರೂ ಒಂದೇ ರೀತಿ ಸೋಲುತ್ತಾರಲ್ಲ!

ಬ್ರಿಜೆಟ್‌ಳಿಗೆ ಪರೀಕ್ಷೆಯ ಗೊಡವೆಯಿರಲಿಲ್ಲ. ಮನೆಗೆಲಸದ ನಡುವೆ ಮಗನಿಗೆ ಚಿತ್ರದ ಪುಸ್ತಕ ತೋರಿಸುವಳು, ಹೂವಿನ ಹೆಸರು ಹೇಳುವಳು. ಅವನಿಂದ ಒಂದು ಸನ್ನೆಯೂ ಬಾರದು. ಅವನಿಗೆ ಐದು ವರ್ಷವಾಗಿದ್ದಾಗ, ಡಿಸೆಂಬರಿನ ಒಂದು ಮಧ್ಯಾಹ್ನ, ಸೋದರಿ ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆಯುತ್ತ ಕುಳಿತಿದ್ದಳು. ಹುಡುಗನ ಎಡಗಾಲು ಮುಂದೆ ಚಾಚಿ ಬೆರಳ ಸಂದಿಯಲ್ಲಿ ಆ ಸೀಮೆಸುಣ್ಣವನ್ನು ಕಿತ್ತುಕೊಂಡಿತು. ಮನೆಯೆಲ್ಲ ಸ್ತಬ್ಧ. ತಾಯಿ ನೆಲದ ಮೇಲೆ ಇಂಗ್ಲಿಷಿನ ಮೊದಲ ಅಕ್ಷರ ಬರೆದು, ಹಾಗೆಯೇ ಬರೆ ಎಂದಳು. ಎರಡು ಸಲ ತಪ್ಪಿತು, ಸೀಮೆಸುಣ್ಣ ಮುರಿಯಿತು. ಕೊನೆಗೆ ಅಕ್ಷರ ಮೂಡಿತು. ಮುಂದೆ ಅವಳೇ ವರ್ಣಮಾಲೆಯನ್ನೆಲ್ಲ ಕಲಿಸಿದಳು. ಅವನು ಬರೆದ ಮೊದಲನೆಯ ಇಡೀ ಪದ ತಾಯಿ ಎಂಬುದೇ.

ಇದನ್ನು ನಾನು ಇಷ್ಟು ವಿಸ್ತರಿಸುವುದಕ್ಕೆ ಕಾರಣವಿದೆ. ಕ್ಯಾಸಂಬಳ್ಳಿಯಲ್ಲಿ ನಮ್ಮಕ್ಕನ ಮಗನಿಗೆ ಏಳು ವರ್ಷ, ಅವನದೂ ಇದೇ ಸ್ಥಿತಿ. ತಿಳಿವಳಿಕೆಯಿಲ್ಲವೆಂದು ಒಂದು ಶಾಲೆಯವರು ಅವನನ್ನು ಹಿಂದಕ್ಕೆ ಕಳುಹಿಸಿದರು. ಬೆಂಗಳೂರಿನಲ್ಲಿ ತರಬೇತಾದ ಒಬ್ಬರು ಅಕ್ಕನಿಗೆ ಒಂದು ಕ್ರಮ ಕಲಿಸಿಕೊಟ್ಟರು. ಮೊದಲು ರಟ್ಟಿನ ಮೇಲೆ ಎರಡೇ ಚಿತ್ರ. ಬೇಕಾದುದನ್ನು ಹುಡುಗ ಕಣ್ಣಿಂದ ತೋರಿಸಬೇಕು. ನಾವು ಆತುರಪಟ್ಟು ಉತ್ತರ ಹೇಳಿಬಿಡದೆ ಕಾಯಬೇಕು. ಆಮೇಲೆ ನಾಲ್ಕು ಚಿತ್ರ, ಆಮೇಲೆ ಗುಂಪಿಗೆ ಸೇರದುದನ್ನು ಆರಿಸುವುದು, ಲೋಟದಡಿ ಬಚ್ಚಿಟ್ಟುದನ್ನು ನೆನಪಿಟ್ಟು ಹುಡುಕುವುದು. ಮುದ್ದೆಯ ಚಿತ್ರವನ್ನೂ ಬಂಗಾರಪೇಟೆಯ ಪಾನಿಪೂರಿಯ ಚಿತ್ರವನ್ನೂ ಜೊತೆಗಿಟ್ಟರೆ ಅವನ ಕಣ್ಣು ಎತ್ತ ಹೋಗುವುದೆಂದು ಹೇಳಬೇಕಾಗಿಲ್ಲ. ತಿಳಿವಳಿಕೆಯಿಲ್ಲದವನು ಹಾಗೆ ಆರಿಸುವನೇ?

ಕ್ರಿಸ್ಟಿಗೆ ವೈದ್ಯರ ನೆರವು ಒದಗಿದ್ದು ಯೌವನ ಕಾಲಿಟ್ಟ ಮೇಲೆ. ಡಬ್ಲಿನ್ನಿನ ಮಕ್ಕಳ ವೈದ್ಯ, ನಾಟಕಕಾರನೂ ಆಗಿದ್ದ ರಾಬರ್ಟ್ ಕಾಲಿಸ್ ಅವನನ್ನು ಹುಡುಕಿಕೊಂಡು ಬಂದನು. ಲಂಡನ್ನಿನಲ್ಲಿ ಪರೀಕ್ಷಿಸಿದ ಆತನ ಸಂಬಂಧಿ ಐರೀನ್ ಕಾಲಿಸ್, ಚಿಕಿತ್ಸೆ ಫಲಿಸಬೇಕಾದರೆ ಎಡಗಾಲಿನ ಬಳಕೆಯನ್ನು ಬಿಡಬೇಕು, ಅದರ ಶ್ರಮದಿಂದ ಉಳಿದ ದೇಹ ಇನ್ನೂ ಬಿಗಿಯುತ್ತದೆ ಎಂದಳು. ಅವನಿಗೆ ಹೊರಜಗತ್ತಿಗಿದ್ದ ಬಾಗಿಲೇ ಆ ಕಾಲು! ಆದರೂ ಒಪ್ಪಿದನು. ಅಂಗಸಾಧನೆಯಿಂದ ದೇಹ ಅಷ್ಟಿಷ್ಟು ಸಡಿಲವಾಯಿತು, ಮಾತೂ ಕೊಂಚ ತಿಳಿಯಾಯಿತು. ತಾಯಿ ಹಿತ್ತಿಲಲ್ಲಿ ತಾನೇ ಇಟ್ಟಿಗೆ ಜೋಡಿಸತೊಡಗಿ, ಅವನಿಗೊಂದು ಕೋಣೆಯಾಯಿತು. ಉಪಾಧ್ಯಾಯರೊಬ್ಬರು ಮನೆಗೇ ಬಂದು ಪಾಠ ಹೇಳಿದರು. ಆದರೆ ಪುಸ್ತಕವನ್ನು ತಮ್ಮಂದಿರಿಗೆ ಹೇಳಿ ಬರೆಸುವುದು ದೊಡ್ಡ ಪೀಡೆಯಾಗಿತ್ತು. ಒಂದು ದಿನ ತಾಳಲಾರದೆ ಕಾಲುಚೀಲ ಕಳಚಿ ಪೆನ್ಸಿಲನ್ನು ಕಾಲಿಗೇ ತೆಗೆದುಕೊಂಡನು. ವೈದ್ಯರ ಮಾತು ದೇಹಕ್ಕೆ ಹಿತವಾಗಿದ್ದೀತು. ಆಲೋಚನೆ ಹರಿಯುವುದಕ್ಕೆ ಬೇರೊಂದು ದಾರಿ ಸಿದ್ಧವಾಗುವ ಮೊದಲೇ ಇದ್ದ ದಾರಿಯನ್ನು ಮುಚ್ಚಿಸಿದ್ದು ನನಗೆ ಸರಿಕಾಣದು.

ಅವನ ಆತ್ಮಕಥೆ ‘ಮೈ ಲೆಫ್ಟ್ ಫುಟ್’ 1954ರಲ್ಲಿ ಹೊರಬಂದಿತು. ಮುಂದೆ ಕಾಲ್ಬೆರಳಿನಿಂದಲೇ ಬೆರಳಚ್ಚು ಯಂತ್ರವನ್ನು ಒತ್ತುತ್ತ ಕಾದಂಬರಿ, ಕವಿತೆಗಳನ್ನು ಬರೆದನು. 1972ರಲ್ಲಿ ಮದುವೆಯಾದನು. 1981ರ ಸೆಪ್ಟೆಂಬರಿನಲ್ಲಿ, 49ನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿ ತೀರಿಕೊಂಡನು. ಅವನಿಗೆ ಹೆಚ್ಚಿನ ಕೀರ್ತಿ ತಂದ ಕಾದಂಬರಿ ‘ಡೌನ್ ಆಲ್ ದಿ ಡೇಸ್’ ಪ್ರಕಟವಾದದ್ದು 1970ರಲ್ಲಿ. ಬ್ರಿಜೆಟ್ ಅದಕ್ಕೆ ಎರಡು ವರ್ಷ ಮೊದಲೇ ಕಣ್ಮುಚ್ಚಿದ್ದಳು.