ಜಡ್ಸನ್ ಬೋಧಕರ ದಿಂಬು

ದುಃಖದಲ್ಲಿ ಅಳುವ ವಿಶ್ವಾಸಿಯನ್ನು ಕಂಡು, ಇವನ ನಂಬಿಕೆ ಬತ್ತಿಹೋಯಿತೆಂದು ತೀರ್ಪುಮಾಡುವವರು ನಮ್ಮ ಸಭೆಗಳಲ್ಲಿ ಇಲ್ಲದಿಲ್ಲ. ಆದಕಾರಣ ಬ್ರಹ್ಮದೇಶಕ್ಕೆ, ಅಂದರೆ ಈಗಿನ ಮ್ಯಾನ್ಮಾರಿಗೆ, ಸುವಾರ್ತೆಯನ್ನು ಒಯ್ದ ಅಡೋನಿರಾಮ್ ಜಡ್ಸನ್ ಬೋಧಕರ ಚರಿತ್ರೆಯನ್ನು ಪ್ರಿಯ ವಾಚಕರ ಮುಂದೆ ಇಡುತ್ತೇವೆ.

ಇವರು 1788ರಲ್ಲಿ ಅಮೇರಿಕಾ ದೇಶದಲ್ಲಿ ಹುಟ್ಟಿದರು. 1813ರಲ್ಲಿ ಪತ್ನಿಯಾದ ಆನ್ ಅಮ್ಮನವರೊಡನೆ ರಂಗೂನಿಗೆ ಬಂದು, ಬರ್ಮೀ ಭಾಷೆಯನ್ನು ಕಲಿತು, ಸತ್ಯವೇದವನ್ನು ಅದಕ್ಕೆ ತಿರುಗಿಸತೊಡಗಿದರು. ಮೊದಲನೆಯ ವಿಶ್ವಾಸಿಗೆ ದೀಕ್ಷಾಸ್ನಾನವಾದದ್ದು ಆರು ವರುಷಗಳ ತರುವಾಯ.

1824ರಲ್ಲಿ ಇಂಗ್ಲಿಷರಿಗೂ ಬ್ರಹ್ಮದೇಶದ ಅರಸನಿಗೂ ಯುದ್ಧ ಹುಟ್ಟಿತು. ಬಿಳಿಯರೆಲ್ಲರೂ ಗೂಢಚಾರರೆಂದು ಸಂಶಯಪಟ್ಟು, ರಾಜಧಾನಿಯಾದ ಆವಾದಲ್ಲಿ ಜಡ್ಸನರನ್ನು ಹಿಡಿದು ಸೆರೆಮನೆಯಲ್ಲಿ ಹಾಕಿದರು. ರಾತ್ರಿಯಲ್ಲಿ ಕಾಲ್ಬೇಡಿಗಳ ನಡುವೆ ಬಿದಿರುಗಳುವನ್ನು ತೂರಿಸಿ ಮೇಲಕ್ಕೆತ್ತುತ್ತಿದ್ದದರಿಂದ, ಸೆರೆಯವರ ಹೆಗಲೂ ತಲೆಯೂ ಮಾತ್ರ ನೆಲಕ್ಕೆ ತಾಗುತ್ತಿದ್ದವು. ಅಮ್ಮನವರು ಹೊಸ ಒಡಂಬಡಿಕೆಯ ಕೈಬರಹವನ್ನು ಮೊದಲು ಮಣ್ಣಿನಲ್ಲಿ ಹೂತಿಟ್ಟರು. ಮಳೆಗಾಲದ ತೇವಕ್ಕೆ ಕೆಟ್ಟೀತೆಂದು ಅದನ್ನು ತೆಗೆದು, ಯಾರೂ ಆಸೆಪಡದಂಥ ಗಟ್ಟಿಯಾದ, ಅಂದಗೆಟ್ಟ ದಿಂಬಿನೊಳಗೆ ಹೊಲಿದು ಗಂಡನಿಗೆ ತಲುಪಿಸಿದರು. ಸೆರೆಯವರನ್ನು ಬೇರೆ ಊರಿಗೆ ಸಾಗಿಸಿದ ದಿನ ಕಾವಲುಗಾರರು ಅದಕ್ಕೆ ಸುತ್ತಿದ್ದ ಚಾಪೆಯನ್ನು ಕಿತ್ತುಕೊಂಡು ಉಳಿದದ್ದನ್ನು ಬಿಸಾಡಿದರು. ಮೌಂಗ್ ಇಂಗ್ ಎಂಬ ಶಿಷ್ಯನು ಗುರುವಿನ ನೆನಪಿಗೆಂದು ಆ ಹತ್ತಿಯ ಗಂಟನ್ನು ಎತ್ತಿಕೊಂಡು ಹೋದನು. ಅದರೊಳಗೆ ದೇವರ ವಾಕ್ಯವಿದೆಯೆಂದು ಅವನಿಗೆ ತಿಳಿಯದು! ತಿಂಗಳುಗಳ ಮೇಲೆ ಅದು ಕೆಡದೆ ಸಿಕ್ಕಿತು.

ಇಲ್ಲಿಗೆ ಮುಗಿಸಿದರೆ ಕೇಳುವವರಿಗೆ ಹಿತವಾದೀತು. ಆದರೆ ಬಿಡುಗಡೆಯಾದ ಮೇಲೆಯೇ ಹೆಚ್ಚಿನ ಕತ್ತಲೆ ಕವಿಯಿತು. 1826ರ ಅಕ್ಟೋಬರಿನಲ್ಲಿ, ಜಡ್ಸನರು ದೂರವಿದ್ದಾಗ, ಅಮ್ಮನವರು ಜ್ವರದಿಂದ ತೀರಿಕೊಂಡರು. ಆರು ತಿಂಗಳಲ್ಲಿ ಕೂಸು ಮರಿಯಳೂ ಹೋದಳು. ಬೋಧಕರು ಜನಸಂಗವನ್ನು ಬಿಟ್ಟು ಕಾಡಿನಲ್ಲಿ ಗುಡಿಸಲು ಹಾಕಿಕೊಂಡರು. ತಮಗಾಗಿ ಒಂದು ಸಮಾಧಿಯ ಗುಂಡಿಯನ್ನು ತೋಡಿ, ಅದರ ಬಳಿಯಲ್ಲಿ ಕೂತಿರುತ್ತಿದ್ದರು. ದೇವರನ್ನು ನಂಬಿದ್ದರೂ ಆತನನ್ನು ಕಾಣಲಾರದೆ ಇದ್ದೇನೆಂದು 1829ರಲ್ಲಿ ಬರೆದರು. ಇದನ್ನು ನಾವು ಮುಚ್ಚಿಡೆವು; ಹೆಂಡತಿಮಕ್ಕಳನ್ನು ಹೂಳಿದವರು ನಮ್ಮ ವಾಚಕರಲ್ಲಿಯೂ ಇದ್ದಾರೆ. ಯೋಬನೂ ಮುಂದೆ ಹಿಂದೆ ಹುಡುಕಿ ಆತನನ್ನು ಕಾಣದೆ ಹೋದನಲ್ಲವೇ?

ಹಾಗಿದ್ದರೂ ಅವರು ಪ್ರಾರ್ಥನೆಯನ್ನಾಗಲಿ ಭಾಷಾಂತರವನ್ನಾಗಲಿ ಬಿಟ್ಟುಬಿಡಲಿಲ್ಲ. ಬೆಳಕು ಒಂದೇ ದಿನದಲ್ಲಿ ಬರಲಿಲ್ಲ, ಮೆಲ್ಲಮೆಲ್ಲನೆ ಬಂದಿತು. 1831ರಲ್ಲಿ ರಂಗೂನಿನ ದೊಡ್ಡ ಜಾತ್ರೆಗೆ ದೂರದ ಸೀಮೆಗಳಿಂದ ಬಂದ ಸಾವಿರಾರು ಮಂದಿ ಇವರ ಮನೆಯನ್ನು ವಿಚಾರಿಸಿಕೊಂಡು ಬಂದು, ಯೇಸು ಕ್ರಿಸ್ತನ ವಿಷಯವಾದ ಬರಹವನ್ನು ಕೇಳಿದರು. 1834ರ ಜನವರಿ 31ರಲ್ಲಿ, ಮೌಲ್ಮೇನಿನಲ್ಲಿ, ಜಡ್ಸನರು ಸತ್ಯವೇದದ ಕಡೇ ಹಾಳೆಯನ್ನು ಕೈಯಲ್ಲಿ ಹಿಡಿದು ಮೊಣಕಾಲೂರಿದರು.

1850ರಲ್ಲಿ ಹಡಗಿನ ಪ್ರಯಾಣದಲ್ಲಿ ಮೃತರಾದ ಅವರನ್ನು ಸಮುದ್ರಕ್ಕೆ ಒಪ್ಪಿಸಿದರು. ಬರ್ಮೀ ಸಭೆಗಳವರು ಅವರ ಭಾಷಾಂತರವನ್ನು ಇಂದಿಗೂ ಓದುತ್ತಾರೆ.