ಮನೆಮನೆಯ ನಂಬಿಗಸ್ತ ವಾರ್ತಾವಾಚಕ: ವಾಲ್ಟರ್ ಕ್ರಾಂಕೈಟ್

ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ ಸುದ್ದಿ ಮನೆ ಮುಟ್ಟುವಷ್ಟರಲ್ಲಿ ಎಷ್ಟು ಬೆಳೆದಿರುತ್ತದೆ ಎಂಬುದನ್ನು ನೀವು ಬಲ್ಲಿರಿ. ಉರ್ದುವಿನಲ್ಲಿ ಸುದ್ದಿಗೆ ಖಬರ್ ಎನ್ನುತ್ತೇವೆ, ಗಾಳಿಮಾತಿಗೆ ಅಫ್ವಾ ಎನ್ನುತ್ತೇವೆ. ಇವೆರಡನ್ನೂ ಬೇರೆಬೇರೆಯಾಗಿಯೇ ಇಟ್ಟು ಹೆಸರು ಗಳಿಸಿದ ಒಬ್ಬ ವಾರ್ತಾವಾಚಕರ ಜೀವನವನ್ನು ನಿಮಗೆ ಪರಿಚಯಿಸುತ್ತಿದ್ದೇನೆ.

ವಾಲ್ಟರ್ ಕ್ರಾಂಕೈಟ್ 1916ರ ನವೆಂಬರ್ 4ರಂದು ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಎಂಬ ಊರಿನಲ್ಲಿ ಜನಿಸಿದರು. ತಂದೆ ದಂತವೈದ್ಯರು. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಪತ್ರಿಕೆಯ ಹುಚ್ಚು ಹಿಡಿದು, ಪದವಿ ಮುಗಿಸದೆ ಹೊರಬಂದರು. (ಇದೊಂದನ್ನು ಮಾತ್ರ ನೀವು ಅನುಸರಿಸಬೇಡಿರಿ!)

ಇಪ್ಪತ್ತರ ಹರೆಯದಲ್ಲಿ ಕನ್ಸಾಸ್ ಸಿಟಿಯ ಒಂದು ರೇಡಿಯೋ ಕೇಂದ್ರದಲ್ಲಿ ಕೆಲಸಕ್ಕಿದ್ದರು. ಒಂದು ದಿನ ಮೇಲಧಿಕಾರಿಯ ಪತ್ನಿ ಫೋನ್ ಮಾಡಿ, ನಗರಸಭೆಯ ಕಟ್ಟಡಕ್ಕೆ ಬೆಂಕಿ ಬಿದ್ದು ಅಗ್ನಿಶಾಮಕ ಸಿಬ್ಬಂದಿ ಸತ್ತಿದ್ದಾರೆಂದು ತಿಳಿಸಿದರು. ಕೂಡಲೇ ಸುದ್ದಿ ಓದಬೇಕೆಂದು ಅಧಿಕಾರಿಯ ಆಜ್ಞೆಯಾಯಿತು. ಕ್ರಾಂಕೈಟ್ ಮೊದಲು ಅಗ್ನಿಶಾಮಕ ಠಾಣೆಗೆ ವಿಚಾರಿಸಬೇಕೆಂದರು. ಅಧಿಕಾರಿ ತಾಳಲಿಲ್ಲ, ತಾನೇ ಮೈಕಿನ ಮುಂದೆ ಕುಳಿತು ಓದಿಬಿಟ್ಟ. ಬೆಂಕಿ ಸಣ್ಣದು, ಯಾರೂ ಸತ್ತಿರಲಿಲ್ಲ. ಆದರೆ ನೌಕರಿ ಹೋದದ್ದು ಕ್ರಾಂಕೈಟರದು! ಸತ್ಯ ಹಿಡಿದವನಿಗೆ ಮೊದಲ ಸಂಬಳ ಹೀಗೆಯೇ ಸಿಗುತ್ತದೆಯೋ ಏನೋ.

1937ರಲ್ಲಿ ಯುನೈಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ ಸೇರಿದರು. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದಲ್ಲಿ ಕುಳಿತು ಜರ್ಮನಿಯ ಮೇಲೆ ಹಾರಿ ವರದಿ ಬರೆದರು. 1950ರಲ್ಲಿ ಸಿ.ಬಿ.ಎಸ್. ಸೇರಿ, 1962ರ ಏಪ್ರಿಲ್ 16ರಿಂದ ಅದರ ಸಂಜೆ ವಾರ್ತೆಯ ಹೊಣೆ ಹೊತ್ತರು. ಆಗ ವಾರ್ತೆ ಕೇವಲ 15 ನಿಮಿಷ. 1963ರ ಸೆಪ್ಟೆಂಬರಿನಲ್ಲಿ 30 ನಿಮಿಷವಾಯಿತು. ಎಲ್ಲರಿಗೂ ತಿಳಿಯಲೆಂದು ಅವರು ಬೇಕೆಂದೇ ನಿಧಾನವಾಗಿ ಓದುತ್ತಿದ್ದರು. ಪಾಠವನ್ನು ರೈಲಿನಂತೆ ಓಡಿಸುವ ನನ್ನ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು.

1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಅಧ್ಯಕ್ಷ ಕೆನಡಿಯವರ ಮೇಲೆ ಗುಂಡು ಹಾರಿತು. ಅಂದಿನ ಕ್ಯಾಮೆರಾ ಬಿಸಿಯಾಗಲು ಹೊತ್ತು ಹಿಡಿಯುತ್ತಿದ್ದುದರಿಂದ, ಮೊದಲು ಅವರ ದನಿ ಮಾತ್ರ ಕೇಳಿಬಂತು. ಆಮೇಲೆ ಅಧ್ಯಕ್ಷರು ತೀರಿಕೊಂಡರೆಂಬ ಸುದ್ದಿಗಳು ಒಂದರ ಹಿಂದೊಂದು ಬಂದವು. ಅವರು ಅವನ್ನು ಮುಚ್ಚಿಡಲಿಲ್ಲ, ನಿಜವೆಂದು ಸಾರಲೂ ಇಲ್ಲ. ಇನ್ನೂ ಖಚಿತವಾಗಿಲ್ಲವೆಂದೇ ತಿಳಿಸುತ್ತ ಹೋದರು. ಅಧಿಕೃತ ಸುದ್ದಿಯ ಚೀಟಿ ಕೈಗೆ ಬಂದಾಗ ಕನ್ನಡಕ ತೆಗೆದು, ಗಡಿಯಾರ ನೋಡಿ, ಸಾವಿನ ವೇಳೆಯನ್ನು ಹೇಳಿದರು. ಒಂದು ಕ್ಷಣ ಗಂಟಲು ಕಟ್ಟಿತು. ನಂತರ ವಾರ್ತೆ ಮುಂದುವರಿಸಿದರು.

1968ರಲ್ಲಿ ವಿಯೆಟ್ನಾಮಿಗೆ ಹೋಗಿ ಬಂದು, ಈ ಯುದ್ಧ ಗೆಲ್ಲುವಂಥದ್ದಲ್ಲ, ಮಾತುಕತೆಯೇ ದಾರಿ ಎಂದರು. ಆದರೆ ಇದು ವಾರ್ತೆಯಲ್ಲ, ತಮ್ಮ ಸ್ವಂತ ಅಭಿಪ್ರಾಯ ಎಂಬುದನ್ನು ನೋಡುಗರಿಗೆ ಸ್ಪಷ್ಟಪಡಿಸಿಯೇ ಹೇಳಿದರು. 1972ರ ಒಂದು ಸಮೀಕ್ಷೆಯಲ್ಲಿ ಜನರು ರಾಜಕಾರಣಿಗಳಿಗಿಂತ ಅವರನ್ನೇ ಹೆಚ್ಚು ನಂಬುತ್ತಾರೆಂದು ಕಂಡುಬಂತು. 1977ರ ನವೆಂಬರಿನಲ್ಲಿ ಈಜಿಪ್ಟಿನ ಅಧ್ಯಕ್ಷ ಸಾದತ್, ಇಸ್ರೇಲಿನ ಪ್ರಧಾನಿ ಬೆಗಿನ್ ಇಬ್ಬರನ್ನೂ ಒಂದೇ ದಿನ ಸಂದರ್ಶಿಸಿದರು. ಕೆಲವೇ ದಿನಗಳಲ್ಲಿ ಸಾದತ್ ಜೆರುಸಲೇಮಿಗೆ ಹೋದರು.

1981ರ ಮಾರ್ಚ್ 6ರಂದು ಕ್ರಾಂಕೈಟ್ ಕೊನೆಯ ಸಂಜೆ ವಾರ್ತೆ ಓದಿದರು. 2009ರ ಜುಲೈ 17ರಂದು ನ್ಯೂಯಾರ್ಕಿನಲ್ಲಿ ತಮ್ಮ 92ನೇ ವಯಸ್ಸಿನಲ್ಲಿ ನಿಧನರಾದರು.